ಕಟಿಂಗ್ ಶಾಪಿನವನ ಮಗಳು ನಿಂತು ಬರೆದ ಪರೀಕ್ಷೆ

ಬಸ್ ನಿಲ್ದಾಣದ ಪಕ್ಕ ಎರಡೇ ಕುರ್ಚಿಯ ಕಟಿಂಗ್ ಶಾಪ್ ಇಟ್ಟವನನ್ನು ಊರೆಲ್ಲ ಕರೆಯುವ ಹೆಸರು ಮಕ್ಕಳ ಮಾವ. ಎಂಥ ಹಟಮಾರಿ ಕೂಸೇ ಬರಲಿ, ಅವನು ತಲೆ ಅದುಮಿ ಹಿಡಿಯುವವನಲ್ಲ. ಮಗು ಅಲ್ಲಾಡಿದರೆ ಕತ್ತರಿ ನಿಲ್ಲುತ್ತಿತ್ತು, ತಲೆ ನಿಂತರೆ ಕತ್ತರಿ ಓಡುತ್ತಿತ್ತು.

ಅಂಥವನಿಗೆ ಸ್ವಂತ ಮಗಳದೇ ಚಿಂತೆ. ಅಂಗಡಿಯ ಎರಡು ಕನ್ನಡಿಗಳನ್ನು ಎಷ್ಟು ಓರೆ ಮಾಡಿದರೆ ಎಷ್ಟು ಜನ ಅಪ್ಪಂದಿರು ಕಾಣುತ್ತಾರೆ ಎಂದು ಮೊದಲೇ ಹೇಳಬಲ್ಲ ಐದನೇ ಕ್ಲಾಸಿನ ಹುಡುಗಿ, ಶಾಲೆಯಲ್ಲಿ ಪುಟ ತುಂಬ ಸುಲಭದ ಲೆಕ್ಕ ಕೊಟ್ಟರೆ ಎರಡು ಬರೆದು ಎದ್ದುಬಿಡುವಳು. "ಎಡಿಎಚ್‌ಡಿ ಇದೆ, ಅಂದ್ರೆ ಮನಸ್ಸೂ ಮೈಯೂ ಒಂದೆಡೆ ನಿಲ್ಲಲ್ಲ. ಬುದ್ಧಿಯೂ ವಯಸ್ಸಿಗೆ ಮೀರಿದ್ದು. ಎರಡನ್ನೂ ನೋಡ್ಕೋಬೇಕು" ಎಂದಿದ್ದರು ವೈದ್ಯರು. ಅಪ್ಪನ ಕಿವಿಗೆ ಬಿದ್ದದ್ದು ಮೊದಲನೆಯದಷ್ಟೇ.

ಅವಳನ್ನು ಕೆಳಗಿನ ತರಗತಿಗೆ ಇಳಿಸುವ ಮಾತೆದ್ದಾಗ ಅವನೇ ಹೋಗಿ ಗಣಿತದ ಟೀಚರಿಗೆ ಕೈ ಮುಗಿದ.

"ಇಳಿಸಿಬಿಡಿ ಮೇಡಂ. ಲೆಕ್ಕ ಸುಲಭ ಆದ್ರೆ ತೆಪ್ಪಗೆ ಕೂರ್ತಾಳೆ."

"ಅಯ್ಯೋ ಅಣ್ಣಾ, ಈಗಿರೋದೇ ಅವಳಿಗೆ ಸಪ್ಪೆ. ಇನ್ನೂ ಸುಲಭ ಕೊಟ್ರೆ ಛಾವಣಿ ಹತ್ತಿ ಕೂರ್ತಾಳೆ!" ಟೀಚರ್ ನಕ್ಕರು. "ಪರೀಕ್ಷೆವರೆಗೆ ನನಗೆ ಬಿಡಿ. ನಿಂತೇ ಬರೀಲಿ. ಹಾಳೆಗೆ ಒಂದೇ ಲೆಕ್ಕ, ಆದ್ರೆ ಗಟ್ಟಿದು. ಕಾಲು ನಿಲ್ಲದಿದ್ರೆ ವರಾಂಡದಲ್ಲಿ ಸುತ್ತು ಹಾಕಿ ಬರ್ಲಿ. ಆ ಹೊತ್ತನ್ನ ಆಮೇಲೆ ಸೇರಿಸಿ ಕೊಡ್ತೀನಿ."

ಮನೆಗೆ ಬಂದು ಗೊಣಗಿದ. "ಓಡಾಡ್ಕೊಂಡು ಯಾರಾದ್ರೂ ಪರೀಕ್ಷೆ ಬರೀತಾರೇನೇ?"

ಹೆಂಡತಿ ಬಟ್ಟೆ ಮಡಚುತ್ತಲೇ ಚುಚ್ಚಿದಳು. "ಊರ ಮಕ್ಕಳು ಅಲ್ಲಾಡಿದ್ರೆ ಕತ್ತರಿ ನಿಲ್ಲಿಸ್ತೀರ. ನಮ್ಮವಳು ಅಲ್ಲಾಡಿದ್ರೆ ಬಾಯೇ ನಿಲ್ಲಿಸಲ್ಲ!"

ಅವನು ಪೆಚ್ಚಾದ. ಅಂದಿನಿಂದ "ಸುಮ್ನೆ ಕೂತ್ಕೋ" ಎಂಬ ಮಾತನ್ನು ನುಂಗಿಕೊಳ್ಳಲು ಕಲಿತ, ಕಷ್ಟಪಟ್ಟೇ ಕಲಿತ.

ಪರೀಕ್ಷೆಯ ದಿನ ಅಂಗಡಿ ಮುಚ್ಚಿ ಶಾಲೆಯ ಗೇಟಿಗೆ ಒರಗಿ ನಿಂತ. ಮಗಳು ವರಾಂಡದಲ್ಲಿ ಕಂಡಾಗಲೆಲ್ಲ ಇಷ್ಟೇ, ಮುಗೀತು ಎಂದುಕೊಂಡ. ಅವಳು ಮಾತ್ರ ಪ್ರತಿಸಲವೂ ಸುತ್ತು ಮುಗಿಸಿ ಒಳಗೆ ಹೋದಳು.

ಕೊನೆಗೆ ಟೀಚರ್ ಅವಳ ಕೈ ಹಿಡಿದು ಹೊರಬಂದರು. "ಎಲ್ಲಾ ಬರೆದಿದ್ದಾಳೆ ಅಣ್ಣಾ. ಒಂದೇ ತಪ್ಪು. ಅದನ್ನೂ ನನಗಿಂತ ಮೊದಲು ಅವಳೇ ಹಿಡಿದ್ಲು. ಹೆಡ್‌ಮಾಸ್ಟರೂ ನೋಡಿದ್ರು. ಇಳಿಸೋ ಮಾತು ಹೋಯ್ತು, ಇನ್ಮೇಲೆ ಅವಳಿಗೆ ಪರೀಕ್ಷೆ ಹೀಗೇ."

ಅಪ್ಪ ಕಣ್ಣೊರೆಸಿಕೊಂಡು ಹೇಳಿದ: "ಅವತ್ತು ನನ್ನ ಮಾತು ನೀವು ಕೇಳ್ಲಿಲ್ವಲ್ಲ ಮೇಡಂ, ಅದೇ ದೊಡ್ಡ ಉಪಕಾರ."

ತಪ್ಪಾದ ಲೆಕ್ಕ ಎಲ್ಲಿ ದಾರಿ ತಪ್ಪಿತೆಂದು ವಿವರಿಸುತ್ತ ಮಗಳು ಅವನ ಹಿಂದೆ ಮುಂದೆ ಜಿಗಿಯುತ್ತ ನಡೆದಳು. ಒಂದಕ್ಷರ ಅರ್ಥವಾಗದಿದ್ದರೂ ಅಪ್ಪ ಮನೆಯವರೆಗೂ ಹೂಂಗುಟ್ಟಿದ.