ಹನ್ನೊಂದು ಕಲ್ಲುಗಳ ಪಟ್ಟಿ

ಜೋಳದ ಡಬ್ಬಿ ಹೊತ್ತು ಗಿರಣಿಯ ಕಡೆ ಹೊರಟವನು ನಡುಬೀದಿಯಲ್ಲಿ ಹಾಗೇ ನಿಂತುಬಿಟ್ಟೆ. ಎದುರಿಗೆ ಕಾಕಾ ಗಟಾರ ದಾಟುತ್ತಿದ್ದರು. ಹೊಸದಾಗಿ ತೋಡಿದ ಗಟಾರ, ಸೊಂಟದಷ್ಟು ಆಳ. ಅದರ ಮೇಲೆ ಯಾರೋ ಅಡ್ಡ ಹಾಕಿದ್ದ ಹಲಗೆಯ ಅಗಲ ಒಂದು ಗೇಣು. ರಾತ್ರಿಯ ಮಳೆಗೆ ಎರಿಮಣ್ಣು ಹಲಗೆಗೂ ಮೆತ್ತಿಕೊಂಡಿತ್ತು. ಕಾಕಾ ಕೋಲಿನಿಂದ ಹಲಗೆಯ ಎರಡೂ ಅಂಚು ತಟ್ಟಿ ನೋಡಿ, ಪಾದ ಎತ್ತದೆ ಜಾರಿಸುತ್ತಾ ಜಾರಿಸುತ್ತಾ ಬಂದರು. ಕೂಗಿದರೆ ಬೆಚ್ಚಿಯಾರು ಎಂದು ನಾನು ಕೂಗಲಿಲ್ಲ. ಅವರು ಗಿರಣಿಯ ಮೆಟ್ಟಿಲು ಹತ್ತಿದ ಮೇಲೆಯೇ ನಾನು ಮುಂದೆ ಹೆಜ್ಜೆ ಇಟ್ಟದ್ದು.

ಕಾಕಾ ನನಗೆ ಸಂಬಂಧಿಕರಲ್ಲ. ಊರಿಗೆಲ್ಲ ಅವರು ಕಾಕಾ. ನವಲಗುಂದ ತಾಲೂಕಿನ ನಮ್ಮೂರಿನ ಹಿಟ್ಟಿನ ಗಿರಣಿ ಅವರದು. ಕಣ್ಣು ಪೂರ್ತಿ ಹೋಗಿ ಹತ್ತು ವರ್ಷದ ಮೇಲಾಯಿತು. ಹಿಟ್ಟನ್ನು ಎರಡು ಬೆರಳಲ್ಲಿ ತಿಕ್ಕಿ ನೋಡಿ, ರೊಟ್ಟಿ ಹರಿಯುತ್ತದೋ ಇಲ್ಲವೋ ಹೇಳಿಬಿಡುತ್ತಾರೆ. ನಾನು ಅದೇ ಊರಿನ ಶಾಲೆಯ ಮಾಸ್ತರ. ಊರಿನ ಅರ್ಜಿಗಳೆಲ್ಲ ನನ್ನ ಕೈಯವೇ. ಆ ಬಗ್ಗೆ ನನಗೆ ಸಾಕಷ್ಟು ಜಂಬವಿತ್ತು.

ಮೊದಲು ಯಾವ ಅರ್ಜಿಯೇ ಇರಲಿ, ಕಳಿಸುವ ಮುಂಚೆ ಕಟ್ಟೆಯ ಮೇಲೆ ಗಟ್ಟಿಯಾಗಿ ಓದುವುದು ನಮ್ಮೂರ ಪದ್ಧತಿಯಾಗಿತ್ತು. ಓದು ಬಂದವರು, ಬಾರದವರು ಎಲ್ಲರೂ ಒಟ್ಟಿಗೆ ಕೇಳುತ್ತಿದ್ದರು. ಓದಿ ಮುಗಿದ ಮೇಲೆ ಸುಮ್ಮನಿದ್ದವರು ಒಪ್ಪಿದ ಹಾಗೆ. ಸುಮ್ಮನಿರದವರಲ್ಲಿ ಕಾಕಾ ಮೊದಲಿಗರು. ಒಂದು ಸಾಲನ್ನು ಮೂರು ಸಲ ಓದಿಸಿ, ನನ್ನ ಬೆವರಿಳಿಸಿ, ಆಮೇಲೆ 'ಹೂಂ' ಅನ್ನುತ್ತಿದ್ದರು. ಈ ಕಟ್ಟೆಯ ಪಂಚಾಯ್ತಿ ನನಗೆ ಸಾಕುಸಾಕಾಗಿತ್ತು. ಫೋನಿನಲ್ಲಿ ಊರಿನದೊಂದು ಗುಂಪಾದದ್ದೇ ತಡ, ಓದುವುದನ್ನು ನಾನೇ ನಿಲ್ಲಿಸಿದೆ.

ಗಟಾರ ದಾಟಲು ಎಲ್ಲೆಲ್ಲಿ ಹಾಸುಗಲ್ಲು ಹಾಕಬೇಕು ಎಂಬ ಪಟ್ಟಿಯನ್ನು ಊರವರೇ ಕೊಡಬೇಕಿತ್ತು. ಶನಿವಾರ ಮಧ್ಯಾಹ್ನ ಮೂರರೊಳಗೆ ಅದು ತಾಲೂಕಿನ ಕಚೇರಿಗೆ ಮುಟ್ಟಬೇಕು, ಆಮೇಲೆ ಒಂದು ಕಲ್ಲೂ ಅತ್ತಿತ್ತ ಆಗುವುದಿಲ್ಲ ಎಂದು ಅಲ್ಲಿಯ ಸಾಹೇಬರು ಹೇಳಿದ್ದರು. ಮಂಗಳವಾರವೇ ನವಲಗುಂದಕ್ಕೆ ಹೋಗಿ ಹನ್ನೊಂದು ಕಲ್ಲುಗಳ ಪಟ್ಟಿಯನ್ನು ಟೈಪ್ ಮಾಡಿಸಿ, ಫೋಟೋ ಹೊಡೆದು ಗುಂಪಿಗೆ ಹಾಕಿದೆ. ಕೆಳಗೆ ಠೀವಿಯಿಂದ ಬರೆದೆ: 'ತಕರಾರಿದ್ದವರು ಶುಕ್ರವಾರದೊಳಗೆ ತಿಳಿಸಬೇಕು. ಇಲ್ಲದಿದ್ದರೆ ಒಪ್ಪಿಗೆ ಎಂದು ತಿಳಿಯಲಾಗುವುದು.' ಹೆಬ್ಬೆರಳಿನ ಚಿತ್ರಗಳು ಸಾಲುಗಟ್ಟಿ ಬಂದವು. ಬಂದದ್ದಕ್ಕೆಲ್ಲ ನಾನೂ ಸರಸರನೆ ಹೆಬ್ಬೆರಳು ಒತ್ತಿದೆ. ತಕರಾರು ಒಂದೂ ಇಲ್ಲ. ಈ ಸಲ ಕಾಕಾ ಕೂಡ ಸುಮ್ಮನಿದ್ದಾರಲ್ಲ ಎಂದು ಒಳಗೊಳಗೇ ಹಿಗ್ಗಿದೆ.

ಶನಿವಾರ ಬೆಳಗಿನ ಶಾಲೆ ಮುಗಿಸಿ, ಕಾಕಾ ಹಲಗೆ ದಾಟಿದ್ದನ್ನು ನೋಡಿ, ಅವರ ಹಿಂದೆಯೇ ಗಿರಣಿಗೆ ಹೋದಾಗ ಹನ್ನೆರಡು ಗಂಟೆ. ಒಂದೂವರೆಯ ಬಸ್ಸಿಗೆ ನಾನು ಪಟ್ಟಿ ಹಿಡಿದು ಹೊರಡಬೇಕು.

"ಕಾಕಾ, ಆ ಹಲಗಿ ಮ್ಯಾಲೆ ಒಬ್ಬರ ದಾಟಬ್ಯಾಡ್ರಿ. ಇನ್ನೇನ ಕಲ್ಲ ಬರತಾವ. ನಿಮ್ಮ ಗಿರಣಿಗೂ ಒಂದ ಹಾಕೇನಿ," ಎಂದೆ.

"ಎಲ್ಲಿ ಹಾಕೀದಿ?"

"ಪಟ್ಟಿ ನೋಡಿಲ್ಲೇನ್ರಿ?" ಬಾಯಿಂದ ಜಾರಿತು.

ಆಗಷ್ಟೇ ಶುರುಮಾಡಿದ್ದ ಗಿರಣಿಯನ್ನು ಕಾಕಾ ಬಂದ್ ಮಾಡಿದರು. ಡಬ್ಬಿ ಇಟ್ಟುಕೊಂಡು ಕೂತಿದ್ದ ನಾಲ್ಕೈದು ಹೆಂಗಸರು ನಮ್ಮ ಕಡೆ ತಿರುಗಿದರು. ಕಾಕಾ ಜೇಬಿನಿಂದ ಫೋನ್ ತೆಗೆದರು. ತೆರೆಯ ಮೇಲಿನ ಅಕ್ಷರವನ್ನು ಓದಿ ಹೇಳುವ ಹಾಗೆ ಅದನ್ನು ಅವರ ಮಗಳು ಸರಿಮಾಡಿಕೊಟ್ಟಿದ್ದಳು. ಗುಂಪಿಗೆ ನಾನು ಹಾಕಿದ್ದ ಪಟ್ಟಿಯ ಮೇಲೆ ಬೆರಳಿಟ್ಟರು. "ಫೋಟೋ," ಎಂದಿತು ಫೋನು. ಮತ್ತೆ ಇಟ್ಟರು. "ಫೋಟೋ."

"ನಿನ್ನ ಪಟ್ಟಿಯೊಳಗ ಇಷ್ಟ ಐತಿ," ಎಂದರು.

ನನ್ನ ತಪ್ಪು ನನಗೆ ತಿಳಿಯುವ ಮೊದಲು ಸಿಟ್ಟು ಬರುತ್ತದೆ. ಅವತ್ತೂ ಅದೇ ಆಯಿತು. "ನಾಕ ದಿನಾ ಆತಲ್ರಿ! ಹಿಂಗ ಸುಮ್ಮನ ಕುಂತ್ರ ನನಗ ಹ್ಯಾಂಗ ತಿಳೀಬೇಕ್ರಿ?"

"ಸುಮ್ಮನ ಕುಂತಿದ್ನೇನು?" ಎಂದರು ಕಾಕಾ. ಆ ಮಾತನ್ನು ನಾನು ಕಿವಿಗೇ ಹಾಕಿಕೊಳ್ಳಲಿಲ್ಲ.

"ಹೋಗ್ಲಿ, ನಾನ ಓದತೀನಿ ಕೇಳ್ರಿ."

"ಬ್ಯಾಡ. ನಿನಗ ಬಸ್ಸಿನ ಗಡಿಬಿಡಿ. ಓಡಿಸಿ ಓದತಿ. ನನ್ನ ಕೈಯಾಗ ಕೊಡು. ನಾ ತಿರುಗಿ ತಿರುಗಿ ಕೇಳಬೇಕು."

ಟೈಪ್ ಅಂಗಡಿಯವನು ಕೊಟ್ಟ ಫೈಲು ನನ್ನ ಫೋನಿನಲ್ಲಿತ್ತು. ಇದಕ್ಕೇನು ಮಹಾ ಎಂದು ಅದನ್ನು ಕಳಿಸಿದೆ. ಕಾಕಾ ಬೆರಳಿಟ್ಟರು. ಫೋನು ಇಂಗ್ಲಿಷ್ ಅಕ್ಷರಗಳನ್ನು ಒಂದಕ್ಕೊಂದು ಸಂಬಂಧವಿಲ್ಲದೆ ಉಗುಳತೊಡಗಿತು: ಎಫ್, ಕ್ಯೂ, ಝಡ್, ಪರ್ಸೆಂಟ್. ಒಬ್ಬ ಹೆಂಗಸು ಫಕ್ಕನೆ ನಕ್ಕಳು. ಕಾಕಾ ನಗಲಿಲ್ಲ. ಅಂಗಡಿಯಲ್ಲಿ ಇನ್ನೂ ಹಳೆಯ ಫಾಂಟಿನಲ್ಲೇ ಹೊಡೆಯುತ್ತಾರೆ. ಕಾಗದಕ್ಕೆ ಬಂದರೆ ಚೆಂದದ ಕನ್ನಡ, ಫೈಲಿನ ಒಳಗೆ ಮಾತ್ರ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಶಾಲೆಯ ಕಂಪ್ಯೂಟರಿನಲ್ಲಿ ಇದೇ ಗೋಳು ಎಷ್ಟು ಸಲ ಅನುಭವಿಸಿದ್ದೇನೋ. ಆದರೂ ನನಗೆ ಹೊಳೆದಿರಲಿಲ್ಲ.

ಹನ್ನೆರಡೂ ಇಪ್ಪತ್ತು. ಹಿಟ್ಟಿನ ಚೀಲದ ಮೇಲೆ ಕೂತು ಇಡೀ ಪಟ್ಟಿಯನ್ನು ಫೋನಿನಲ್ಲೇ ಹೊಡೆಯತೊಡಗಿದೆ. ಒಂದು ಕಲ್ಲಿಗೆ ಒಂದು ಸಾಲು. ಬೆವರಿದ ಬೆರಳು ಜಾರಿ ಅಕ್ಷರಗಳು ತಪ್ಪುತ್ತಿದ್ದವು, ಅಳಿಸಿ ಮತ್ತೆ ಹೊಡೆಯುತ್ತಿದ್ದೆ. ಬೀಸುವುದು ನಿಂತಿದ್ದಕ್ಕೆ ಯಾರೂ ಗೊಣಗಲಿಲ್ಲ. ಕಾಕಾ ಬಾಗಿಲಿಗೆ ಒರಗಿ ಕಾಯುತ್ತಿದ್ದರು. ಒಂದು ಗಂಟೆಗೆ ಹತ್ತು ನಿಮಿಷ ಇರುವಾಗ ಕಳಿಸಿದೆ.

ಈ ಸಲ ಫೋನು ಕನ್ನಡ ಮಾತಾಡಿತು. ಭಾವವಿಲ್ಲದ ದನಿ, ಆದರೆ ಒಂದೊಂದು ಮಾತೂ ಬಿಡಿಬಿಡಿಯಾಗಿ ಕೇಳಿತು. ಕಾಕಾ ಒಂದು ಸಾಲು ಕೇಳಿ, ತಲೆಯಾಡಿಸಿ, ಇನ್ನೊಂದಕ್ಕೆ ಬೆರಳು ಸರಿಸುತ್ತಿದ್ದರು. ಏಳನೆಯದಕ್ಕೆ ಬೆರಳು ನಿಂತಿತು. 'ಗಿರಣಿಯ ಹತ್ತಿರ, ದೀಪದ ಕಂಬದ ಕೆಳಗೆ.' ಮೂರು ಸಲ ಕೇಳಿಸಿಕೊಂಡರು.

"ಕಂಬದ ಕೆಳಗ ಯಾಕ?"

"ಅಲ್ಲಿ ಬೆಳಕ ಇರತೈತ್ರಿ. ಕತ್ತಲಾದ ಮ್ಯಾಲೆ ದಾಟಾವ್ರಿಗೆ..."

"ಬೆಳಕ ನಿನಗ ಬೇಕೋ ತಮ್ಮಾ," ಎಂದರು. "ನಾ ಗ್ವಾಡಿ ಹಿಡದ ಬರಾವ. ಗ್ವಾಡಿ ಮುಗಿಯೂದು ಇಲ್ಲೆ, ನನ್ನ ಬಾಗಲದ ಎದರಿಗೆ. ಕಂಬ ಇಲ್ಲಿಂದ ಇಪ್ಪತ್ತ ಹೆಜ್ಜಿ. ಬಯಲಾಗ ಏನ ಹಿಡಕೊಂಡ ಹೋಗ್ಲಿ?"

ನನಗೆ ನಾಚಿಕೆಯಾಯಿತು. ಆ ಗೋಡೆಯನ್ನು ಸವರುತ್ತಾ ಅವರು ಬರುವುದನ್ನು ದಿನಾ ನೋಡುವವನು ನಾನು.

ಹನ್ನೊಂದನೆಯ ಸಾಲೂ ಮುಗಿಯಿತು. ಮೊದಲು ಫಕ್ಕನೆ ನಕ್ಕಿದ್ದ ಹೆಂಗಸು ಎದ್ದು ನಿಂತಳು. "ಮಾಸ್ತರ್ರ, ಅಂಗನವಾಡಿ ಮುಂದ ಕಲ್ಲ ಎಲ್ಲೈತ್ರಿ? ಸಣ್ಣ ಹುಡುಗೂರು ಹ್ಯಾಂಗ ದಾಟಬೇಕು?"

ನಾನು ಕಣ್ಣಾಡಿಸಿದೆ. ಇರಲಿಲ್ಲ. ಅಷ್ಟು ಹೆಬ್ಬೆರಳು ಎತ್ತಿದವರಲ್ಲಿ ಒಬ್ಬನೂ ಪಟ್ಟಿ ಓದಿರಲಿಲ್ಲ. ಈ ಹೆಂಗಸರು ಗುಂಪಿನಲ್ಲೇ ಇರಲಿಲ್ಲ. ಗಿರಣಿಯಲ್ಲಿ ಕೂತು ಕೇಳಿದ್ದರಿಂದ ತಪ್ಪನ್ನು ಹಿಡಿದರು.

ಕಾಗದದ ಪಟ್ಟಿಯಲ್ಲಿ ಏಳನೆಯ ಸಾಲನ್ನು ಹೊಡೆದುಹಾಕಿ, 'ಗೋಡೆ ಮುಗಿಯುವಲ್ಲಿ, ಗಿರಣಿಯ ಬಾಗಿಲಿಗೆ ನೇರ' ಎಂದು ಪೆನ್ನಿನಿಂದ ಬರೆದೆ. ಕೆಳಗೆ ಹನ್ನೆರಡನೆಯದು, ಅಂಗನವಾಡಿ. ಎರಡನ್ನೂ ಗಟ್ಟಿಯಾಗಿ ಓದಿದೆ. ಕಾಕಾ "ಹೂಂ" ಎಂದರು. ಡಬ್ಬಿ ಅಲ್ಲೇ ಬಿಟ್ಟು ಓಡಿದೆ. ಬಸ್ಸು ಆಗಲೇ ಹೊರಟಿತ್ತು. ಕಂಡಕ್ಟರು ಬೈಯುತ್ತಲೇ ಕೈ ಕೊಟ್ಟು ಹತ್ತಿಸಿಕೊಂಡ. ಮೂರಕ್ಕೆ ಹತ್ತು ನಿಮಿಷ ಇರುವಾಗ ಪಟ್ಟಿ ಮುಟ್ಟಿಸಿ, ತಲುಪಿದ್ದಕ್ಕೆ ಸಹಿ ಹಾಕಿಸಿಕೊಂಡೆ.

ಮರಳುವ ಬಸ್ಸಿನಲ್ಲಿ ಸೀಟು ಸಿಕ್ಕಿತು. ಕಾಕಾ ಮೇಲಿನ ಸಿಟ್ಟು ಇನ್ನೂ ಪೂರ್ತಿ ಇಳಿದಿರಲಿಲ್ಲ. ಒಂದು ಮಾತು ಮೊದಲೇ ಹೇಳಿದ್ದರೆ ಇಷ್ಟೆಲ್ಲ ಒದ್ದಾಟ ಇರುತ್ತಿತ್ತೇ ಎಂದುಕೊಳ್ಳುತ್ತಾ ಗುಂಪನ್ನು ತೆರೆದು ಮಂಗಳವಾರದವರೆಗೆ ಹಿಂದಕ್ಕೆ ಸರಿಸಿದೆ. ನನ್ನ ಫೋಟೋದ ಕೆಳಗೇ ಕಾಕಾ ಕಳಿಸಿದ್ದೊಂದು ದನಿಯ ಸಂದೇಶವಿತ್ತು. ನಾನದನ್ನು ಕೇಳಿಯೇ ಇರಲಿಲ್ಲ. ಫೋನನ್ನು ಕಿವಿಗೆ ಒತ್ತಿ ಹಿಡಿದೆ.

"ಮಾಸ್ತರ್ರ, ಇದರಾಗ ಏನ ಬರದೀರಿ? ನನ್ನ ಫೋನ ಓದವಲ್ದು. ಸ್ವಲ್ಪ ಅಕ್ಷರದಾಗ ಹಾಕ್ರಿ."

ನಾನು ಹುಟ್ಟಿದಾಗಿನಿಂದ ನನ್ನನ್ನು 'ನೀ' ಎಂದೇ ಕರೆದ ಮನುಷ್ಯ, ಎಲ್ಲರೆದುರು ಬಹುವಚನ ಹಚ್ಚಿ ಕೇಳಿಕೊಂಡಿದ್ದರು. ಆ ಮಾತಿಗೂ ಯಾರೋ ಹೆಬ್ಬೆರಳು ಒತ್ತಿದ್ದರು. ಯಾರೆಂದು ಮುಟ್ಟಿ ನೋಡಿದೆ. ನಾನೇ.