ಇಳಿದ ರೆಪ್ಪೆ

ಜಮಖಂಡಿಯಲ್ಲಿ ನನ್ನದು ದವಡೆ, ಮುಖದ ಶಸ್ತ್ರಚಿಕಿತ್ಸೆಯ ದವಾಖಾನೆ. ಹಲ್ಲು ಕೀಳುವುದರ ಜೊತೆಗೆ ಇಳಿದ ರೆಪ್ಪೆಗಳನ್ನೂ ಸರಿಮಾಡುತ್ತೇನೆ. “ಹಲ್ಲಿನ ಡಾಕ್ಟ್ರಿಗೆ ಕಣ್ಣಿನ ಉಸಾಬರಿ ಯಾಕರಿ?” ಎನ್ನುವವರಿಗೆ ಉತ್ತರ ಕೊಟ್ಟು ಕೊಟ್ಟು ಸಾಕಾಗಿದೆ.

ಬನಹಟ್ಟಿಯ ಮಗ್ಗದ ಮನೆಯ ಹೆಣ್ಣುಮಗಳೊಬ್ಬಳು ಮಾತ್ರ ಹಾಗೆ ಕೇಳಲಿಲ್ಲ. ಮಗಳ ಮದುವೆಯ ಫೋಟೋದಲ್ಲಿ ತನ್ನ ಮುಖ ದಣಿದಂತೆ ಕಾಣಬಾರದು, ಅಷ್ಟೇ. ಮೇಲಿನ ರೆಪ್ಪೆಗಳಲ್ಲಿ ಜೋತುಬಿದ್ದಿದ್ದ ಚರ್ಮವನ್ನು ಕತ್ತರಿಸಿ ಹೊಲಿದೆ.

ಮದುವೆ ಮುಗಿಸಿಕೊಂಡು ತೋರಿಸಲು ಬಂದಳು. ಕಣ್ಣುಗಳು ಅರಳಿದ್ದವು. “ಛಲೋ ಆಗೇತಲ್ಲ?” ಎಂದೆ.

“ಛಲೋ ಆಗೇತ್ರಿ. ಆದ್ರ ಮೊದಲೆಲ್ಲಾ ಮಧ್ಯಾಹ್ನ ಆತಂದ್ರ ನಮ್ಮತ್ತಿ ನನ್ನ ಮಾರಿ ನೋಡಿ, ‘ದಣದಿ ಬೇ, ಒಂದೀಟ ಅಡ್ಡಾಗು ಹೋಗು’ ಅಂತಿದ್ರು. ಈಗ ಯಾರೂ ಅನ್ನಂಗಿಲ್ರಿ.”

ಅವಳು ಹೋದಮೇಲೆ ಕೈ ತೊಳೆಯುತ್ತ ಕನ್ನಡಿ ನೋಡಿಕೊಂಡೆ. ನನ್ನ ರೆಪ್ಪೆಗಳೂ ಇಳಿದಿವೆ. ಬಾಗಲಕೋಟೆಯಲ್ಲಿ ಇದೇ ಕೆಲಸ ಮಾಡುವ ಗೆಳೆಯ, ಮುಂದಿನ ವಾರ ಬಾ, ಸರಿಮಾಡುತ್ತೇನೆ ಎಂದಿದ್ದ.

ಹೊರಗೆ ಬೆಂಚಿನ ಮೇಲೆ ಬೀಳಗಿಯ ಮುದುಕನೊಬ್ಬ ಕಾಯುತ್ತಿದ್ದ. ನನ್ನ ಮುಖ ನೋಡಿದವನೇ ಎದ್ದು ನಿಂತ. “ನೀವ ಮನಿಗಿ ಹೋಗ್ರಿ ಡಾಕ್ಟ್ರ. ನನ್ನ ಹಲ್ಲ ನಾಳೆ ಕಿತ್ತರೂ ನಡೀತೈತಿ.”

ಮನೆಯ ದಾರಿಯಲ್ಲೇ ಗೆಳೆಯನಿಗೆ ಫೋನ್ ಮಾಡಿ, ನನ್ನ ರೆಪ್ಪೆ ಹೀಗೇ ಇರಲಿ ಎಂದೆ.