ಅತ್ತಿಗೆಯ ಬೆನ್ನಿನ ನೀರು

ಐವತ್ತರ ದಶಕದ ಕೊನೆಯಲ್ಲಿ ನಾನು ಮೈಸೂರಿನ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸಕ್ಕಿದ್ದೆ. ಮನೆ ಸರಸ್ವತಿಪುರಂನಲ್ಲಿ, ಅಣ್ಣ ಅತ್ತಿಗೆಯ ಜೊತೆ. ಅತ್ತಿಗೆ ಹೂಟಗಳ್ಳಿಯ ಬೇಸಾಯದ ಮನೆಯವರು. ತಾಯಿಯಿಲ್ಲದ ನನ್ನನ್ನು ಓದಿಸಿದವರು ಅವರೇ ಎನ್ನಬೇಕು. ನಾನು ಪುಸ್ತಕದ ಮುಂದೆ ತೂಕಡಿಸಿದರೆ ಕಾಫಿ ತಂದಿಟ್ಟು, ಎದುರಿಗೇ ಕೂತು ಅವರೆಕಾಯಿ ಸುಲಿಯುತ್ತಿದ್ದರು.

ಒಂದು ಬೇಸಿಗೆಯಲ್ಲಿ ಅವರಿಗೆ ಜ್ವರ ಬಂತು. ಎರಡನೆಯ ದಿನಕ್ಕೆ ತಲೆ ಸಿಡಿಯುವಂಥ ನೋವು, ವಾಂತಿ. ಕಿಟಕಿಯ ಬೆಳಕೂ ಕಣ್ಣಿಗೆ ಆಗುತ್ತಿರಲಿಲ್ಲ. ಕತ್ತು ಬಗ್ಗಿಸಿ ಗದ್ದವನ್ನು ಎದೆಗೆ ತಾಗಿಸಲಾಗಲಿಲ್ಲ. ನಮ್ಮ ಆಸ್ಪತ್ರೆಗೇ ಸೇರಿಸಿದೆವು. ಅಲ್ಲಿನ ಡಾಕ್ಟರು ನೋಡಿ, ಮಿದುಳಿನ ಪೊರೆಗೆ ಸೋಂಕು ತಗಲಿದೆ, ಬೆನ್ನಿನಿಂದ ನೀರು ತೆಗೆದು ಪರೀಕ್ಷಿಸಬೇಕು ಎಂದರು.

ಸೂಜಿ ಹಾಕುವ ಮುನ್ನ ಅತ್ತಿಗೆ ನನ್ನ ಕೈ ಹಿಡಿದು, "ಬೇರೆಯವರ ಕೈಗೆ ಕೊಡಬ್ಯಾಡ ಕಣಪ್ಪ, ನೀನೇ ನೋಡು" ಎಂದರು.

ಕೊಳವೆಗೆ ಬಂದ ನೀರು ತಿಳಿಯಾಗಿತ್ತು. ಕೀವಿನ ಸೋಂಕಾಗಿದ್ದರೆ ಅಕ್ಕಿ ತೊಳೆದ ನೀರಿನಂತೆ ಕದಡಿರುತ್ತಿತ್ತು. ಸೂಕ್ಷ್ಮದರ್ಶಕದಡಿ ಜೀವಕೋಶಗಳನ್ನು ಎಣಿಸಿದೆ. ನಂಬಿಕೆ ಬಾರದೆ ಇನ್ನೊಮ್ಮೆ ಎಣಿಸಿದೆ. ಹೆಚ್ಚಿದ್ದವು, ಬಹುಪಾಲು ಲಿಂಫೋಸೈಟ್ ಎಂಬ ಬಿಳಿ ರಕ್ತಕಣಗಳು. ಬ್ಯಾಕ್ಟೀರಿಯಾ ಕಾಣಲಿಲ್ಲ. ವೈರಸ್ಸಾದರೂ ಹೀಗೆಯೇ, ಕ್ಷಯವಾದರೂ ಹೀಗೆಯೇ. ನನ್ನ ಹೆದರಿಕೆಯೆಲ್ಲ ಕ್ಷಯದ್ದು. ಅದಾದರೆ ಆ ನೀರಿನಲ್ಲಿ ಸಕ್ಕರೆ ಇಳಿದಿರುತ್ತದೆ. ಅಲ್ಲಾಡಿಸದೆ ಒಂದು ದಿನ ಇಟ್ಟರೆ ಜೇಡರಬಲೆಯಂಥ ಪೊರೆ ಕಟ್ಟುತ್ತದೆ. ಸಕ್ಕರೆ ಸರಿಯಾಗಿಯೇ ಇತ್ತು. ಆದರೂ ಉಳಿದ ನೀರನ್ನು ಕಪಾಟಿನಲ್ಲಿ ನಿಲ್ಲಿಸಿ ಮನೆಗೆ ಹೋದೆ. ಅಂದು ಅನ್ನ ಬೇಯಿಸಿದ್ದು ಅಣ್ಣ, ಇಬ್ಬರಿಗೂ ಸೇರಲಿಲ್ಲ.

ಮರುದಿನ ಬೆಳಿಗ್ಗೆ ಕೊಳವೆಯನ್ನು ಬೆಳಕಿಗೆ ಹಿಡಿದೆ. ಬಲೆ ಇರಲಿಲ್ಲ.

ವಾರ್ಡಿಗೆ ಓಡಿದರೆ ಅತ್ತಿಗೆಯ ಎರಡೂ ಕೆನ್ನೆ ಊದಿಕೊಂಡು ಗುರುತೇ ಸಿಗುತ್ತಿರಲಿಲ್ಲ. ಅಕ್ಕಪಕ್ಕ ಯಾರಿಗಾದರೂ ಮಂಗನಬಾವು ಬಂದಿತ್ತೇ ಎಂದು ಡಾಕ್ಟರು ಕೇಳುತ್ತಿದ್ದರು. ವಠಾರದ ಮಕ್ಕಳಿಗೆಲ್ಲ ಬಂದಿತ್ತು, ಅವರ ಕೆನ್ನೆಗೆ ಪಟ್ಟು ಹಾಕಿದವರು ಅತ್ತಿಗೆಯೇ. ಆ ವೈರಸ್ಸೇ ಇವರ ಮಿದುಳಿನ ಪೊರೆಯನ್ನೂ ಮುಟ್ಟಿತ್ತು.

"ಇದಕ್ಕೆ ಔಷಧಿ ಇಲ್ಲಮ್ಮ, ತಾನಾಗೇ ಇಳಿಯುತ್ತೆ. ಸುಮ್ನೆ ಮಲಗಿರಿ" ಎಂದರು ಡಾಕ್ಟರು.

"ಮಕ್ಕಳ ಕಾಯ್ಲೆಗೆ ಇಷ್ಟೊಂದು ರಂಪ ಮಾಡ್ಬುಟ್ನಲ್ಲ" ಎಂದು ಅತ್ತಿಗೆ ಸೆರಗಿನಿಂದ ಮುಖ ಮುಚ್ಚಿಕೊಂಡರು. ನಾನು ನಗುತ್ತಲೇ ವರಾಂಡಕ್ಕೆ ಹೋಗಿ ಕಣ್ಣು ಒರೆಸಿಕೊಂಡೆ.

ಹತ್ತು ದಿನಕ್ಕೆ ಮನೆಗೆ ಬಂದರು. ಎಡಗಿವಿ ಮಾತ್ರ ಮಂದವಾಯಿತು, ಮತ್ತೆ ಸರಿಹೋಗಲಿಲ್ಲ. ಅಂದಿನಿಂದ ಅಣ್ಣನೂ ನಾನೂ ಊಟಕ್ಕೆ ಅವರ ಬಲಗಡೆಯೇ ಕೂರುವುದನ್ನು ರೂಢಿ ಮಾಡಿಕೊಂಡೆವು.